ಕ್ಯಾಲೆಂಡರ್ ಇಳಿಸಿದ ಗೋಡೆ

ಕೋರ್ಟಿನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕಂತೆ. ಸರಕಾರಿ ವಕೀಲರು ಇದನ್ನು ನನಗೆ ಮೂರು ಸಲ ಹೇಳಿದರು. ಮೊದಲು ಹಿಂದಿಯಲ್ಲಿ, ಆಮೇಲೆ ತೆಲುಗಿನಲ್ಲಿ, ಕೊನೆಗೆ ಬರೀ ಕೈಸನ್ನೆಯಲ್ಲಿ. ಕೈಸನ್ನೆಯೂ ಬೇಕಾಯಿತು, ಏಕೆಂದರೆ ‘ಆಕೆ ನಿಮಗೆ ಎಷ್ಟು ದಿನದಿಂದ ಗೊತ್ತು?’ ಎಂದು ಅವರು ಕೇಳಿದ್ದಕ್ಕೆ, ಆಕೆ ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದ ರೀತಿಯನ್ನು ನಾನು ವರ್ಣಿಸುತ್ತ ಕುಳಿತಿದ್ದೆ. ‘ಸಾರ್, ಇದೆಲ್ಲ ಜಡ್ಜ್ ಸಾಹೇಬರಿಗೆ ಬೇಡ. ಬ್ಯಾಗು, ತಾರೀಖು. ಅಷ್ಟೇ,’ ಎಂದರು.

ಜಡ್ಜ್ ಸಾಹೇಬರಿಗೆ ಬೇಡವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅವಳು ಸತ್ತ ವಾರ ಟೀವಿಯವರು ಆ ಹೆಸರನ್ನು ಎಷ್ಟು ಅಗಿದು ಉಗಿದರೆಂದರೆ, ಅದರಲ್ಲಿ ಅವಳದ್ದು ಎನ್ನುವುದೇನೂ ಉಳಿದಿಲ್ಲ. ‘ರೀಲ್ಸ್ ಹುಚ್ಚು ತಂದ ಸಾವು’ ಎಂದು ಕೆಂಪಕ್ಷರಗಳನ್ನು ಓಡಿಸಿದರು. ಕೊಂದವನು ಗಂಡ; ಹುಚ್ಚು ಮಾತ್ರ ಅವಳದ್ದಂತೆ. ನಮ್ಮ ಮನೆಯಲ್ಲಿ ಅವಳು ‘ಮ್ಯಾಲಿನ ಮನಿ ಹುಡುಗಿ’. ಅವಳಿಗೆ ನಾನು ಕಾಕಾ, ನನ್ನ ಹೆಂಡತಿ ಕಾಕು. ಇಷ್ಟು ಪರಿಚಯ ಸಾಕು.

ಗದಗಿನ ಕಡೆಯ ನಾವು ಹೈದರಾಬಾದಿನ ಕುಷಾಯಿಗೂಡಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಇಲ್ಲಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದವನು. ಬೇರೆಯವರು ಜೋಡಿಸಿದ್ದನ್ನು ಭೂತಗನ್ನಡಿಯಲ್ಲಿ ನೋಡಿ, ಎಲ್ಲಿ ಬೆಸುಗೆ ಬಿಟ್ಟಿದೆ, ಎಲ್ಲಿ ಕೂದಲೆಳೆಯಷ್ಟು ಬಿರುಕಿದೆ ಎಂದು ಹುಡುಕುವುದು ನನ್ನ ಕೆಲಸ. ಅನುಮಾನಪಡುವುದಕ್ಕೆ ಸರಕಾರ ನನಗೆ ಸಂಬಳ ಕೊಡುತ್ತದೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ಹೊರಗೆ ಹೊರಟರೆ ಗ್ಯಾಸಿನ ರೆಗ್ಯುಲೇಟರ್ ಮುಟ್ಟಿ ನೋಡಬೇಕು, ಬೀಗ ಜಗ್ಗಬೇಕು, ಲಿಫ್ಟಿನ ತನಕ ಹೋಗಿ ಮತ್ತೆ ಬಂದು ಜಗ್ಗಬೇಕು. ಇದರಿಂದ ತಪ್ಪಿದ ಮುಹೂರ್ತಗಳ ಪಟ್ಟಿ ನನ್ನ ಹೆಂಡತಿಯ ಬಾಯಲ್ಲಿದೆ.

ಆ ಹುಡುಗಿಯ ಪರಿಚಯವಾದದ್ದೂ ಅಂಥದೊಂದು ಮದುವೆಗೆ ಹೊರಟಾಗಲೇ. ಲಿಫ್ಟಿನ ಮುಂದೆ ನಮ್ಮ ಎಂದಿನ ಸಂವಾದ ನಡೆದಿತ್ತು.

‘ಗ್ಯಾಸ್ ಬಂದ್ ಮಾಡಿಯೇನು?’

‘ಮಾಡೀನಿ.’

‘ನೀ ಮಾಡಿದ್ದು ನಾ ನೋಡಿಲ್ಲಲ್ಲ.’

‘ಹೋಗಿ ನೋಡಿ ಬರ್ರಿ ಹಂಗಾರ. ತಾಳಿ ಕಟ್ಟೂದಂತೂ ತಪ್ಪೇತಿ, ಊಟಾನೂ ತಪ್ಪಲಿ.’

‘ತಡಿ, ಮತ್ತೊಮ್ಮಿ ನೋಡಿ ಬರ್ತೀನಿ.’

ಲಿಫ್ಟಿನೊಳಗಿಂದ ಕಿಸಕ್ಕೆಂದು ನಗು ಬಂತು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣ ಸಂದು, ಕೈಯಲ್ಲಿ ತರಕಾರಿ ಚೀಲ. ಮುಚ್ಚುತ್ತಿದ್ದ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತಳು. ‘ಹೋಗಿ ಬರ್ರಿ ಕಾಕಾ, ನಾ ಲಿಫ್ಟ್ ಹಿಡಕೊಂಡ ನಿಂದರ್ತೀನಿ. ಗ್ಯಾಸ್ ಅಂದ್ರ ಗ್ಯಾಸ್ ಅದ, ಆಟ ಅಲ್ಲ,’ ಎಂದಳು. ಹೈದರಾಬಾದಿನ ಲಿಫ್ಟಿನಲ್ಲಿ ಸೇಡಂ ಕಡೆಯ ಕನ್ನಡ ಕೇಳಿ ನನ್ನ ಹೆಂಡತಿ ಮದುವೆ ಮರೆತು ಅವಳ ತವರು, ಗೋತ್ರ, ಮಕ್ಕಳು, ಎಲ್ಲ ವಿಚಾರಿಸಿದಳು. ನಮ್ಮ ಮೇಲಿನ, ಮೂರನೇ ಮಹಡಿಯ ಮನೆಗೆ ಬಂದು ಒಂದು ವಾರವಾಗಿತ್ತಂತೆ. ಮಕ್ಕಳಿಲ್ಲ. ಗಂಡ ಉಪ್ಪಲ್‌ನಲ್ಲಿ ಬಟ್ಟೆ ಅಂಗಡಿಯೊಂದರ ಮ್ಯಾನೇಜರ್. ತಾನೇನು ಮಾಡುತ್ತೇನೆಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅದು ನನಗೆ ಗೊತ್ತಾದದ್ದು ಹತ್ತು ದಿನ ಬಿಟ್ಟು, ಕಾರ್ಖಾನೆಯ ಕ್ಯಾಂಟೀನಿನಲ್ಲಿ. ರಾಯಚೂರಿನ ಸಹೋದ್ಯೋಗಿಯೊಬ್ಬ ನಗುತ್ತ ಬಂದು ಫೋನು ನನ್ನ ಸಾಂಬಾರಿನ ಬಟ್ಟಲಿಗೆ ಒರಗಿಸಿಟ್ಟ. ಅದರಲ್ಲಿ ಆ ಹುಡುಗಿ. ಹೆಗಲ ಮೇಲೆ ಟವೆಲ್ಲು, ಹಣೆಯ ಮೇಲೆ ಕನ್ನಡಕ, ಕೈಯಲ್ಲಿ ಬೀಗ. ‘ಗ್ಯಾಸ್ ಬಂದ್ ಮಾಡಿಯೇನು?’ ಎಂದು ಕೇಳಿ, ಮರುಕ್ಷಣ ಸೆರಗು ಹೊದ್ದು ಹೆಂಡತಿಯಾಗಿ ಉತ್ತರ ಕೊಟ್ಟು, ಮತ್ತೆ ಟವೆಲ್ಲು ಹಾಕಿಕೊಂಡು ಸೊಂಟದ ಮೇಲೆ ಕೈಯಿಟ್ಟು ‘ತಡಿ, ಮತ್ತೊಮ್ಮಿ ನೋಡಿ ಬರ್ತೀನಿ!’ ಎನ್ನುತ್ತಿದ್ದಳು. ಪಾತ್ರದ ಹೆಸರು ‘ಚಿಂತಿ ಕಾಕಾ’. ಲಕ್ಷಗಟ್ಟಲೆ ಮಂದಿ ನೋಡಿದ್ದರು. ಲಕ್ಷಗಟ್ಟಲೆ ಮಂದಿ ನನ್ನನ್ನು ನೋಡಿ ನಕ್ಕಿದ್ದರು. ನನಗೆ ಮಾತ್ರ ಗೊತ್ತಿರಲಿಲ್ಲ.

ಅವತ್ತು ಸಂಜೆ ಸಿಟ್ಟು ಕಟ್ಟಿಕೊಂಡೇ ಮನೆಗೆ ಹೋದೆ. ಅವಳು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಬಿಸ್ಕೀಟನ್ನು ಅದ್ದಿ, ಮೇಲೆತ್ತಿ, ಅದು ಇನ್ನೇನು ಮುರಿದು ಬೀಳುತ್ತದೆ ಎನ್ನುವವರೆಗೆ ಹಿಡಿದು, ‘ಬಿತ್ತು... ಬಿತ್ತು... ಬೀಳ್ಲಿಲ್ಲ!’ ಎಂದು ಗಪ್ಪನೆ ಬಾಯಿಗೆ ಹಾಕಿಕೊಳ್ಳುವುದು ಅವಳ ಆಟ. ಒಂದು ಸಲವೂ ಬಿದ್ದದ್ದನ್ನು ನಾನು ಕಾಣಲಿಲ್ಲ.

‘ನೋಡಿದ್ರಿ? ಸಿಟ್ಟ ಬಂತೇನ್ರಿ ಕಾಕಾ?’

ಬೈಯಬೇಕೆಂದು ದಾರಿಯಲ್ಲೆಲ್ಲ ಸಾಲುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಇಷ್ಟೇ: ‘ನನ್ನ ಕನ್ನಡಕ ಹಂಗ ಹಣಿ ಮ್ಯಾಲೆ ಇರಂಗಿಲ್ಲ. ಮೂಗಿನ ತುದಿಗೆ ಇರ್ತೈತಿ.’ ಮುಂದಿನ ವಿಡಿಯೋದಲ್ಲಿ ಕನ್ನಡಕ ಮೂಗಿನ ತುದಿಗೆ ಬಂತು. ಹೀಗೆ ನಾನು ಅವಮಾನಿತನಿಂದ ಸಲಹೆಗಾರನಾಗಿ ಬಡ್ತಿ ಪಡೆದೆ.

ಆಮೇಲೆ ಭಾನುವಾರಗಳು ನಮ್ಮ ಮನೆಯಲ್ಲೇ. ಅವಳ ಗಂಡನಿಗೆ ವಾರದ ರಜೆ ಮಂಗಳವಾರ. ಭಾನುವಾರ ಅಂಗಡಿಯಲ್ಲಿ ಗಿರಾಕಿ ಜಾಸ್ತಿ, ಬೆಳಿಗ್ಗೆ ಹೋದವನು ಬರುವುದು ಊಟದ ಹೊತ್ತಿಗೆ, ಅಂದರೆ ರಾತ್ರಿಯ ಊಟಕ್ಕೆ. ನಮ್ಮ ಹಾಲ್‌ನಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆಂದು ಅವಳು ಏಳು ಸೀರೆ, ಒಂದು ಫೋನು, ಒಂದು ಸ್ಟ್ಯಾಂಡು ಹೊತ್ತು ಇಳಿಯುತ್ತಿದ್ದಳು. ಚಪ್ಪಲಿಯನ್ನು ಯಾವಾಗಲೂ ತುದಿ ಹೊರಮುಖವಾಗಿ ತಿರುಗಿಸಿ ಬಿಡುತ್ತಿದ್ದಳು. ಹೊರಡುವಾಗ ಹಾಗೇ ಕಾಲು ತೂರಿಸಬಹುದು. ಒಳ್ಳೆಯ ಸಂಸ್ಕಾರ ಎಂದುಕೊಂಡಿದ್ದೆ. ಒಂದೇ ದಿನದಲ್ಲಿ ವಾರದ ಏಳೂ ವಿಡಿಯೋ ಮುಗಿಸಿ, ದಿನಕ್ಕೊಂದರಂತೆ ಬೆಳಿಗ್ಗೆ ಏಳಕ್ಕೆ ತಾವೇ ಹೋಗುವಂತೆ ಫೋನಿನಲ್ಲಿ ಹೊಂದಿಸಿಡುವುದು ಅವಳ ಪದ್ಧತಿ. ನನ್ನ ಹೆಂಡತಿಯ ಇಳಕಲ್ ಸೀರೆ, ನನ್ನ ಟವೆಲ್ಲು, ನಮ್ಮ ಹಿತ್ತಾಳೆ ತಂಬಿಗೆ, ಎಲ್ಲವೂ ಬಣ್ಣ ಹಚ್ಚದೆ ನಟರಾದವು.

ನನಗೂ ಒಂದು ಕೆಲಸ ಕೊಟ್ಟಿದ್ದಳು. ಹಾಲಿನ ಗೋಡೆಯ ಮೇಲೆ, ನನ್ನ ತಂಗಿ ಪ್ರತಿವರ್ಷ ಊರಿನಿಂದ ಕಳಿಸುವ ಕನ್ನಡ ಕ್ಯಾಲೆಂಡರ್ ತೂಗುತ್ತದೆ. ಅದನ್ನು ಇಳಿಸಬೇಕು, ಶೂಟಿಂಗ್ ಮುಗಿದ ಮೇಲೆ ಮತ್ತೆ ಹಾಕಬೇಕು.

‘ಯಾಕವ್ವಾ? ಅದ ಇದ್ರೇನ?’

‘ಒಂದನೇ ತಾರೀಖಿನ ವಿಡಿಯೋದಾಗ ನಿಮ್ಮ ಕ್ಯಾಲೆಂಡರ್ ಹಳೇ ತಿಂಗಳಾ ತೋರಿಸ್ತಂದ್ರ ಮಂದಿ ಹಿಡೀತಾರ ಕಾಕಾ. ಮಂದಿಗಿ ಎಲ್ಲಾ ಇವತ್ತಿಂದೇ ಬೇಕು. ಬಿಸಿ ಬಿಸಿ.’

ಅವಳು ತಾರೀಖುಗಳನ್ನು ಬಚ್ಚಿಡುವುದಕ್ಕೆ ನಾನೇ ಮೊಳೆಯಿಂದ ದಾರ ಬಿಡಿಸುತ್ತಿದ್ದೆ. ಇದನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಗಂಡ ಹೇಗಿದ್ದ ಎಂದು ಎಲ್ಲರೂ ಕೇಳುತ್ತಾರೆ. ಸಭ್ಯ. ಇದು ನನ್ನ ಮಾತಲ್ಲ, ಇಡೀ ಅಪಾರ್ಟ್‌ಮೆಂಟಿನ ಮಾತು. ಬೀದರ ಕಡೆಯವನು, ಮೆಲುದನಿ, ಇಸ್ತ್ರಿ ಮುರಿಯದ ಅಂಗಿ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಫೋನು ಹಿಡಿದು ಅವಳ ವಿಡಿಯೋ ತೆಗೆಯುತ್ತಿದ್ದವನೂ ಅವನೇ ಅಂತೆ. ನೋಡುವವರು ಹೆಚ್ಚಾದ ಹಾಗೆ ಅವನು ಕ್ಯಾಮೆರಾದ ಹಿಂದಿನಿಂದ ಎದ್ದು ಹೋದ. ಆಮೇಲೆ ಕಾಮೆಂಟುಗಳನ್ನು ಓದತೊಡಗಿದ. ಅವಳೇ ಒಮ್ಮೆ ನಗುತ್ತ ಹೇಳಿದ್ದಳು: ಊಟದ ತಾಟಿನ ಪಕ್ಕ ಫೋನಿಟ್ಟುಕೊಂಡು, ಯಾವ ಗಂಡಸು ಎಷ್ಟು ಹೃದಯದ ಚಿತ್ರ ಹಾಕಿದ್ದಾನೆ ಎಂದು ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ ‘ಇಂವ ಯಾರು?’ ಎಂದು ಕೇಳುತ್ತಾನಂತೆ. ‘ನನಗ ಹ್ಯಾಂಗ ಗೊತ್ತಿರ್ತದ ಕಾಕು? ಅದರಾಗ ನಮ್ಮ ಕಾಕಾನೂ ಒಂದ ಹಾಕ್ಯಾರ!’ ನಿಜ, ನಾನೂ ಹಾಕಿದ್ದೆ. ತಕ್ಷಣ ತೆಗೆದೆ. ಅಷ್ಟರ ಮಟ್ಟಿಗೆ ನನ್ನ ಚಿಂತೆ ಚುರುಕಾಗಿತ್ತು.

ಏಪ್ರಿಲ್ ಬಿಸಿಲಿನಲ್ಲಿ ಅವಳು ಪೂರ್ತಿ ತೋಳಿನ ರವಿಕೆ ತೊಡತೊಡಗಿದಾಗ ನಾನು ಅದನ್ನು ಹೊಸ ಫ್ಯಾಶನ್ ಎಂದುಕೊಂಡೆ. ನನ್ನ ಹೆಂಡತಿ ಹಾಗೆಂದುಕೊಳ್ಳಲಿಲ್ಲ. ಒಂದು ಭಾನುವಾರ ಅಡುಗೆಮನೆಯಲ್ಲಿ ತೋಳು ಸರಿಸಿ ನೋಡಿಯೇಬಿಟ್ಟಳು.

‘ಏನವಾ ಇದು?’

‘ಬಾಗಲಾ ಬಡೀತು ಕಾಕು.’

‘ಬಾಗಲಕ್ಕ ಐದು ಬೆರಳ ಇರ್ತಾವೇನು?’

ಅವಳು ತೋಳು ಇಳಿಸಿ, ಹಲ್ಲಿನ ಸಂದು ಕಾಣುವಂತೆ ನಕ್ಕಳಂತೆ. ‘ಮಾರಿಗಿ ಹೊಡಿಯಂಗಿಲ್ರಿ ಅಂವ. ಮಾರಿ ವಿಡಿಯೋದಾಗ ಬರ್ತದ ನೋಡ್ರಿ. ಅಷ್ಟ ಶಾಣ್ಯಾ ಇದ್ದಾನ.’

ಹೆಂಡತಿ ಇದನ್ನು ನನಗೆ ಹೇಳಿ, ನೀವು ಗಂಡಸರು, ನೀವೊಮ್ಮೆ ಮಾತಾಡಿ ನೋಡಿ ಎಂದಳು. ನಾನು ಮಾತಾಡಿದೆ. ಅವನ ಹತ್ತಿರವಲ್ಲ, ಅವಳ ಹತ್ತಿರ. ಅವನ ಹತ್ತಿರ ಮಾತಾಡುವುದೆಂದರೆ ಅದರ ಮುಂದೆ ಏನೇನಾಗಬಹುದೆಂದು ನನಗೆ ಹದಿನಾಲ್ಕು ಚಿಂತೆಗಳಿದ್ದವು. ಅವಳ ಹತ್ತಿರ ಮಾತಾಡುವುದರಲ್ಲಿ ಒಂದೂ ಇರಲಿಲ್ಲ. ನಮ್ಮ ಕಡೆ ಹಿರಿಯರು ಇಂಥ ಹೊತ್ತಿನಲ್ಲಿ ಬಳಸುವ ಸ್ವರವೊಂದಿದೆ, ಕೆಮ್ಮಿ ಶುರುಮಾಡುವಂಥದು. ಆ ಸ್ವರ ತೆಗೆದು, ‘ಸ್ವಲ್ಪ ದಿನ ಈ ವಿಡಿಯೋ ಗಿಡಿಯೋ ನಿಲ್ಸಿ ನೋಡವ್ವಾ. ಅವನ ತಲಿ ತಣ್ಣಗಾಗ್ತೈತಿ,’ ಎಂದೆ.

ಅವಳ ಕೈಯಲ್ಲಿ ಬಿಸ್ಕೀಟಿತ್ತು. ಆಟವಾಡಲಿಲ್ಲ, ಪಕ್ಕಕ್ಕಿಟ್ಟಳು.

‘ನಿಲ್ಸಿದ್ರ ಹೊಡ್ಯೋದು ನಿಲ್ತದೇನು ಕಾಕಾ? ಈಗರೇ ದಿನಾ ಬೆಳಗಾದ್ರ ಇಷ್ಟು ಮಂದಿ ನನ್ನ ನೋಡ್ತಾರ. ಒಂದಿನ ಕಾಣ್ಲಿಲ್ಲಂದ್ರ ಯಾಕ ಕಾಣ್ಲಿಲ್ಲ ಅಂತ ಕೇಳ್ತಾರ. ಅದೂ ನಿಂತ್ರ ನನ್ನ ಕೇಳೋರ್ಯಾರು?’

ಅವಳ ಮಾತನ್ನು ನಾನು ನನಗೆ ಅನುಕೂಲವಾಗುವಂತೆ ತಿರುಗಿಸಿಕೊಂಡೆ. ಅವತ್ತಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ಚಹಾದೊಂದಿಗೆ ಅವಳ ವಿಡಿಯೋ ನೋಡುವುದು ನನ್ನ ನೇಮವಾಯಿತು. ವಿಡಿಯೋ ಬಂದಿದೆ, ಹುಡುಗಿ ನಗುತ್ತಿದ್ದಾಳೆ, ಅಂದರೆ ಮೇಲಿನ ಮನೆಯಲ್ಲಿ ಎಲ್ಲ ಸರಿಯಾಗಿದೆ. ಗ್ಯಾಸು, ಬೀಗ, ಮೇಲಿನ ಮನೆ ಹುಡುಗಿ. ನನ್ನ ಪಟ್ಟಿಗೆ ಇನ್ನೊಂದು ಸೇರಿತು. ಉಳಿದೆರಡಕ್ಕೆ ಎದ್ದು ಹೋಗಬೇಕಿತ್ತು. ಇದಕ್ಕೆ ಕುಳಿತಲ್ಲೇ ಆಗುತ್ತಿತ್ತು.

ಜೂನ್ ತಿಂಗಳ ಒಂದು ಭಾನುವಾರ ಅವಳು ಸೀರೆಗಳ ಜೊತೆ ಒಂದು ನೀಲಿ ಬ್ಯಾಗೂ ತಂದಳು. ನಾನು ಕ್ಯಾಲೆಂಡರ್ ಇಳಿಸಿ ಅವಳ ಕೈಗೆ ಕೊಟ್ಟು, ಕಟಿಂಗಿಗೆ ಹೋಗಿಬಂದು, ಊಟ ಮಾಡಿ ಮಲಗಿದೆ. ಎದ್ದಾಗ ಶೂಟಿಂಗ್ ಮುಗಿದಿತ್ತು. ಕ್ಯಾಲೆಂಡರನ್ನು ಗೋಡೆಗೆ ಹಾಕಿದೆ. ಬ್ಯಾಗು ಮಾತ್ರ ದಿವಾನದ ಕೆಳಗಿತ್ತು.

‘ಮಾರ್ಕ್ಸ್ ಕಾರ್ಡು, ಆಧಾರು, ಎರಡು ಜೋಡಿ ಬಟ್ಟಿ ಅಷ್ಟೇ ಕಾಕಾ. ಮುಂದಿನ ಆಯ್ತಾರ ಅಂವ ಅಂಗಡಿಗಿ ಹೋದ ಮ್ಯಾಲ ನಮ್ಮ ಅಕ್ಕನ ಗಂಡ ಬರ್ತಾನ. ಕಲಬುರ್ಗಿಗಿ ಹೋಗಿಬಿಡ್ತೀನಿ. ಮನಿಯಾಗಿಂದ ಬ್ಯಾಗ್ ಹಿಡ್ಕೊಂಡು ಇಳದ್ರ ವಾಚ್‌ಮನ್ ಅಂವಗ ಫೋನ್ ಮಾಡ್ತಾನ. ನಿಮ್ಮನಿಯಿಂದ ಹೋದ್ರ ಯಾರೂ ಕೇಳಂಗಿಲ್ಲ.’

ಹೆಂಡತಿ ಅವಳ ತಲೆ ಸವರಿ, ‘ಇಟ್ಟಿರ್ತೀವಿ, ಹೋಗು,’ ಎಂದಳು. ನಾನು ಹೂಂ ಎಂದೆ. ಒಂದೇ ವಾರ. ಒಂದು ಬ್ಯಾಗು. ಅದನ್ನು ಕಾಯುವುದಕ್ಕೆ ಇಡೀ ಹೈದರಾಬಾದಿನಲ್ಲಿ ನನ್ನಷ್ಟು ಯೋಗ್ಯನಾದ ಮನುಷ್ಯ ಸಿಗುತ್ತಿರಲಿಲ್ಲ.

ಸೋಮವಾರವೆಲ್ಲ ನನಗೆ ಆ ಬ್ಯಾಗಿನದೇ ಚಿಂತೆ. ಗಂಡ ಕಳವಿನ ದೂರು ಕೊಟ್ಟರೆ? ಬೇರೆಯವರ ಹೆಂಡತಿಯನ್ನು ಓಡಿಸಲು ಸಹಾಯ ಮಾಡಿದರು ಎಂದರೆ? ಕಾರ್ಖಾನೆಗೆ ಕಾಗದ ಬಂದರೆ? ಅವಳಿಗೇನಾಗಬಹುದು ಎಂಬ ಚಿಂತೆ ಈ ಸಾಲಿನಲ್ಲಿ ಎಲ್ಲಿತ್ತೆಂದು ಈಗ ನೆನಪು ಮಾಡಿಕೊಂಡರೆ, ಬಹುಶಃ ನಾಲ್ಕನೆಯದು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನು ಬಂದ. ಅವನಿಗೆ ರಜೆ, ನನಗೆ ಎರಡನೇ ಪಾಳಿ. ಹೆಂಡತಿ ನಾರಾಯಣಗೂಡದ ತನ್ನ ತಂಗಿಯ ಮನೆಗೆ ಹೋಗಿದ್ದಳು. ಅವನು ಬಾಗಿಲಲ್ಲಿ ಕಾಲೊರೆಸಿಕೊಂಡು ಒಳಬಂದ.

‘ಕಾಕಾರ, ತ್ರಾಸ ಕೊಡ್ಲಕತ್ತೀನಿ, ಮಾಫ್ ಮಾಡ್ರಿ. ಅಕಿ ಬ್ಯಾಗ್ ನಿಮ್ಮಲ್ಲಿ ಅದ ಅಂದಳು. ತೊಗೊಂಡ ಬಾ ಅಂದಳು.’

‘ಯಾವ ಬ್ಯಾಗು?’ ಎಂದೆ. ಬಾಯಿ ಕೇಳುವಷ್ಟರಲ್ಲಿ ಕಣ್ಣು ದಿವಾನದ ಕೆಳಗೆ ಹೋಗಿಬಂದಿತ್ತು.

ಅವನು ನನ್ನ ಕಣ್ಣು ಹೋದ ಕಡೆ ನೋಡಿದ. ‘ಅದಾ ರೀ,’ ಎಂದ.

ಅವಳು ಕಳಿಸಿರಲಿಲ್ಲ. ಕಪಾಟಿನಲ್ಲಿ ಕಾಗದಗಳಿಲ್ಲದ್ದನ್ನು ಕಂಡು ಅವನು ಕತ್ತಲಲ್ಲಿ ಕಲ್ಲು ಹೊಡೆದಿದ್ದ, ಅಷ್ಟೇ. ಪೊಲೀಸರು ಆಮೇಲೆ ಹೇಳಿದರು. ‘ಇಲ್ಲಪ್ಪಾ’ ಎಂದಿದ್ದರೆ ಮುಗಿಯುತ್ತಿತ್ತು. ‘ಅಕೀನ ಬರ್ಲಿ’ ಎಂದಿದ್ದರೂ ಸಾಕಿತ್ತು. ನಾನು ಬಗ್ಗಿ ಬ್ಯಾಗು ಎಳೆದೆ. ಮೇಲಿನ ಧೂಳನ್ನು ನನ್ನ ಟವೆಲ್ಲಿನಿಂದಲೇ ಒರೆಸಿದೆ. ಕೊಡುವಾಗ ನನ್ನ ಸ್ವಭಾವ ಸುಮ್ಮನಿರದೆ, ‘ಹುಷಾರ್ರಿ, ಒಳಗ ಮಾರ್ಕ್ಸ್ ಕಾರ್ಡ್ ಅದಾವ. ನೀರ ತಾಗಿಸಬ್ಯಾಡ್ರಿ,’ ಎಂದೆ.

ಅವನು ಒಂದು ಕ್ಷಣ ನಿಂತ. ‘ಮಾರ್ಕ್ಸ್ ಕಾರ್ಡ್,’ ಎಂದ. ಆಮೇಲೆ, ‘ಛಲೋ ಹೇಳಿದ್ರಿ ಕಾಕಾರ,’ ಎಂದು ಕೈ ಮುಗಿದು ಹೋದ.

ಬಾಗಿಲು ಹಾಕಿಕೊಂಡಾಗ ನನಗೆ ಅನಿಸಿದ್ದೇನು ಗೊತ್ತೇ? ಹಗುರ. ಒಂದು ಚಿಂತೆ ಕಳೆಯಿತಲ್ಲ ಎಂದು ಇನ್ನೊಂದು ಕಪ್ ಚಹಾ ಮಾಡಿಕೊಂಡೆ.

ಸಂಜೆ ಹೆಂಡತಿ ಕಾರ್ಖಾನೆಗೆ ಫೋನ್ ಮಾಡಿದಳು. ‘ಬ್ಯಾಗ್ ಎಲ್ಲಿ?’

‘ಅಕಿ ಗಂಡಗ ಕೊಟ್ಟೆ. ಅಕೀನ ಕಳಿಸಿದ್ಲಂತ.’

‘ಅಲ್ರೀ,’ ಎಂದಳು, ‘ನಾ ಗ್ಯಾಸ್ ಬಂದ್ ಮಾಡೀನಿ ಅಂದ್ರ ನಂಬಂಗಿಲ್ಲ. ಅಂವ ಹೇಳಿದ್ದು ನಂಬಿದ್ರಿ?’

ಅವಳು ಮೇಲೆ ಹೋಗಿ ಬೆಲ್ ಒತ್ತಿದಳು. ಅವನು ಗೇಣು ಬಾಗಿಲು ತೆಗೆದು, ‘ಜ್ವರ ಬಂದಾವ ಕಾಕು, ಗುಳಗಿ ತೊಗೊಂಡು ಮಲಗ್ಯಾಳ,’ ಎಂದನಂತೆ. ಹುಡುಗಿಯ ಫೋನು ಸ್ವಿಚ್ ಆಫ್ ಆಗಿತ್ತು. ಬುಧವಾರ ಬೆಳಿಗ್ಗೆ ಹೆಂಡತಿ ಎದ್ದವಳೇ, ‘ಪೊಲೀಸರಿಗೆ ಹೇಳೂಣು,’ ಎಂದಳು.

‘ಏನಂತ ಹೇಳ್ತಿ? ಮ್ಯಾಲಿನ ಮನ್ಯಾಗ ಜ್ವರ ಬಂದೈತಿ ಅಂತನೋ?’

‘ಹಂಗಾರ ನೀವರ ಒಮ್ಮೆ ಹತ್ತಿ ಹೋಗಿ ನೋಡ್ರಿ. ಅಕೀನ್ನ ಕಣ್ಣಿಲೇ ನೋಡಿ ಬರ್ರಿ.’

ಹದಿನೆಂಟು ಮೆಟ್ಟಿಲು. ಅಷ್ಟರಲ್ಲಿ ಏಳು ಗಂಟೆಯಾಯಿತು, ಫೋನು ಟಿಣ್ ಎಂದಿತು. ವಿಡಿಯೋ. ಅವಳು ಕುಷಾಯಿಗೂಡ ಸಂತೆಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬದನೆಕಾಯಿ ಚೌಕಾಶಿ ಮಾಡುವ ಕಾಕು ಆಗಿದ್ದಳು. ಅದನ್ನು ತೆಗೆಯುವಾಗ ನಾನು ಕಟಿಂಗ್ ಅಂಗಡಿಯಲ್ಲಿದ್ದೆ. ನನಗದು ಹೊಚ್ಚ ಹೊಸದು. ‘ನೋಡು,’ ಎಂದು ಹೆಂಡತಿಯ ಮುಖದ ಮುಂದೆ ಹಿಡಿದೆ. ‘ಇವತ್ತಿಂದು. ಹೆಂಗ ನಗಾಕತ್ತಾಳ ನೋಡು.’

ಭಾನುವಾರ ಶೂಟಿಂಗ್ ನಡೆದಾಗ ಹೆಂಡತಿ ಅಡುಗೆಮನೆಯಿಂದ ಇದನ್ನೆಲ್ಲ ಅರೆಬರೆ ಕೇಳಿಸಿಕೊಂಡಿದ್ದವಳು. ಆದರೂ ಆ ನಗು ನೋಡಿ ಅವಳ ಹುಬ್ಬಿನ ಗಂಟು ಸಡಿಲವಾಯಿತು. ‘ಖರೇನ ನಗಾಕತ್ತಾಳ,’ ಎಂದು ಒಳಗೆ ಹೋದಳು. ತಪಾಸಣೆ ವಿಭಾಗದ ಮನುಷ್ಯ ಪರೀಕ್ಷಿಸಿ ಪಾಸು ಮಾಡಿದ್ದನ್ನು ಅವಳು ನಂಬಿದಳು. ಇಪ್ಪತ್ತಾರು ವರ್ಷದಲ್ಲಿ ಅದೊಂದೇ ಸಲ.

ಆ ಹೊತ್ತಿನಲ್ಲಿ ಹುಡುಗಿ ಬದುಕಿದ್ದಳು. ವೈದ್ಯರ ವರದಿಯ ಪ್ರಕಾರ ಸಾವು ಬುಧವಾರ ಮಧ್ಯಾಹ್ನ.

ಗುರುವಾರ ಏಳಕ್ಕೆ ಮತ್ತೆ ವಿಡಿಯೋ ಬಂತು. ನೋಡಿದೆ. ನಕ್ಕೆ. ಇದನ್ನು ನಾನು ಕೋರ್ಟಿನಲ್ಲಿ ಹೇಳಬೇಕಾಗಿಲ್ಲ, ಯಾರೂ ಕೇಳುವುದಿಲ್ಲ. ಆದರೆ ನಕ್ಕದ್ದು ನಿಜ.

ಶುಕ್ರವಾರ ಬೆಳಿಗ್ಗೆ ಅವನೇ ಪೊಲೀಸರನ್ನು ಕರೆತಂದ. ಈಗಷ್ಟೇ ಬಾತ್‌ರೂಮಿನಲ್ಲಿ ಕಾಲು ಜಾರಿ ಬಿದ್ದಳು ಎಂದ. ಅತ್ತ. ಅಳುತ್ತಲೇ ಫೋನು ತೆಗೆದು ಇನ್‌ಸ್ಪೆಕ್ಟರಿಗೆ ತೋರಿಸಿದ: ‘ಇವತ್ತ ಬೆಳಿಗ್ಗಿ ಸುದ್ದಾ ವಿಡಿಯೋ ಹಾಕ್ಯಾಳ ನೋಡ್ರಿ ಸಾಬ್, ಎಷ್ಟು ಖುಷಿಯಿಂದ ಇದ್ದಳು!’ ನಾನು ಮೆಟ್ಟಿಲ ಮೇಲೆ ನಿಂತು ಕೇಳಿದೆ. ನನ್ನ ಹೆಂಡತಿಯ ಬಾಯಿ ಮುಚ್ಚಿಸಲು ನಾನು ತೋರಿಸಿದ ಸಾಕ್ಷಿ ಅದೇ. ಫೋನು ಹಿಡಿದ ರೀತಿಯೂ ಅದೇ.

ಇನ್‌ಸ್ಪೆಕ್ಟರ್ ಕೆಳಗಿನ ಮನೆಯವರೆಂದು ನಮ್ಮನ್ನೂ ವಿಚಾರಿಸಿದರು. ‘ಒಳ್ಳೇ ಜೋಡಿ ಸಾರ್, ನಮಗೇನೂ ಗೊತ್ತಿಲ್ಲ,’ ಎಂದು ನನ್ನ ನಾಲಿಗೆ ತಾನಾಗಿಯೇ ಹೇಳಿತು. ಹಿಂದೆ ನಿಂತಿದ್ದ ಹೆಂಡತಿ, ‘ಬ್ಯಾಗಿನ ವಿಷಯ ನೀವ ಹೇಳ್ತೀರೋ, ನಾ ಹೇಳ್ಲೋ?’ ಎಂದಳು. ಕನ್ನಡದಲ್ಲೇ ಹೇಳಿದ್ದು, ಆದರೆ ಆ ದನಿ ಯಾವ ಭಾಷೆಯವರಿಗೂ ಅರ್ಥವಾಗುವಂತಿತ್ತು. ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಕುಳಿತರು. ಹೇಳಿದೆ.

ಹೇಳುವಾಗ ಅವರ ಮುಂದಿದ್ದ ಗಂಡನ ಫೋನಿನಲ್ಲಿ ಆ ಬೆಳಗಿನ ವಿಡಿಯೋ ನಿಂತಿತ್ತು. ಅವಳ ಮುಖ ನೋಡಲಾಗದೆ ಮುಖದ ಪಕ್ಕ ನೋಡಿದೆ. ಅವಳ ಹೆಗಲಿನ ಹಿಂದೆ ತಿಳಿಹಸಿರು ಗೋಡೆ. ಗೋಡೆಯ ಮೇಲೆ ಒಂದು ಮೊಳೆ. ಬರೀ ಮೊಳೆ.

ನಮ್ಮ ಮನೆಯ ಗೋಡೆ ಅದು. ಭಾನುವಾರ ಸಂಜೆಯಿಂದ ಆ ಮೊಳೆಗೆ ಕ್ಯಾಲೆಂಡರ್ ತೂಗುತ್ತಿದೆ; ಹಾಕಿದವನು ನಾನೇ. ಬುಧವಾರ, ಗುರುವಾರ, ಶುಕ್ರವಾರ ನಾನು ನೋಡಿ ನೆಮ್ಮದಿ ಪಟ್ಟದ್ದೆಲ್ಲ ಆ ಭಾನುವಾರದ್ದೇ. ಕೂದಲೆಳೆಯ ಬಿರುಕು ಹಿಡಿಯುವ ಕಣ್ಣಿಗೆ ಮೂರು ದಿನ ಒಂದು ಮೊಳೆ ಕಂಡಿರಲಿಲ್ಲ. ಇನ್‌ಸ್ಪೆಕ್ಟರಿಗೆ ತೋರಿಸಿದೆ. ‘ಬಹಳ ಸೂಕ್ಷ್ಮ ನೋಟ ನಿಮ್ಮದು,’ ಎಂದು ತೆಲುಗಿನಲ್ಲಿ ಮೆಚ್ಚಿಕೊಂಡರು.

ಅವನನ್ನು ಅವತ್ತೇ ಕರೆದೊಯ್ದರು. ಕೆಳಗಿಳಿಯುವಾಗಲೂ ಗೋಡೆಗೆ ಸರಿದು ನನ್ನ ಹೆಂಡತಿಗೆ ದಾರಿ ಬಿಟ್ಟ.

ಆಮೇಲೆ ಅಪಾರ್ಟ್‌ಮೆಂಟ್ ಸಂಘದ ತುರ್ತು ಸಭೆ ನಡೆಯಿತು. ಒಬ್ಬರು ಶಾಂತಿ ಹೋಮ ಎಂದರು, ಇನ್ನೊಬ್ಬರು ಮನೆಯ ಬಾಡಿಗೆ ಇಳಿಯುತ್ತದೆ ಎಂದರು. ಮನೆಯೊಳಗೆ ವಿಡಿಯೋ ಮಾಡುವವರಿಗೆ ಇನ್ನು ಮುಂದೆ ಮನೆ ಕೊಡಬಾರದೆಂದು ಒಮ್ಮತದಿಂದ ನಿರ್ಧಾರವಾಯಿತು. ಹೆಂಡತಿಗೆ ಹೊಡೆಯುವವರ ಬಗ್ಗೆ ನಿರ್ಧಾರವೇನೂ ಇರಲಿಲ್ಲ. ನಾನೂ ಸಹಿ ಹಾಕಿದೆ.

ವಿಡಿಯೋಗಳು ನಿಲ್ಲಲಿಲ್ಲ. ನಿಲ್ಲಿಸುವ ಗುಪ್ತಪದ ಗೊತ್ತಿದ್ದವಳು ಅವಳೊಬ್ಬಳೇ. ಶನಿವಾರ ಒಂದು ಬಂತು. ಭಾನುವಾರ, ಅವಳು ಕಲಬುರ್ಗಿಗೆ ಹೊರಡಬೇಕಿದ್ದ ದಿನ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕೊನೆಯದು ಬಂತು. ಚಿಂತಿ ಕಾಕಾ. ನಾನು ಅದನ್ನು ಅರ್ಧ ಮಾತ್ರ ನೋಡಿದ್ದೇನೆ. ಕನ್ನಡಕ ಮೂಗಿನ ತುದಿಗೆ ಸರಿಯಾಗಿತ್ತು. ಹೆಂಡತಿ ಪೂರ್ತಿ ನೋಡಿದಳು, ಎರಡು ಸಲ. ಕೊನೆಗೆ ಏನಾಗುತ್ತದೆ ಎಂದು ಅವಳು ಹೇಳಲಿಲ್ಲ, ಕೇಳುವ ಧೈರ್ಯ ನನಗಿಲ್ಲ. ಕೆಳಗೆ ಕಾಮೆಂಟುಗಳಲ್ಲಿ ಸುದ್ದಿ ಗೊತ್ತಿದ್ದವರು ಕೈಮುಗಿದಿದ್ದರು, ಗೊತ್ತಿಲ್ಲದವರು ನಗುತ್ತಿದ್ದರು. ‘ಸೋಮವಾರ ಯಾಕೆ ವಿಡಿಯೋ ಬರಲಿಲ್ಲ?’ ಎಂದು ಆಮೇಲೆ ಕೆಲವರು ಕೇಳಿದರು. ಕೇಳುತ್ತಾರೆ ಎಂದು ಅವಳು ಹೇಳಿದ್ದು ಸುಳ್ಳಾಗಲಿಲ್ಲ.

ಇದೆಲ್ಲ ನಡೆದು ಒಂದೂವರೆ ವರ್ಷ. ಈಗ ವಿಚಾರಣೆ ಶುರುವಾಗಿದೆ. ಗಂಡ ಹೆಂಡತಿ ಅನ್ಯೋನ್ಯವಾಗಿದ್ದರು, ಬಿಟ್ಟು ಹೋಗುವ ಯೋಚನೆಯೇ ಆಕೆಗೆ ಇರಲಿಲ್ಲ, ಬ್ಯಾಗಿನ ಕಥೆ ಕೆಳಗಿನ ಮನೆಯವರು ಕಟ್ಟಿದ್ದು, ಎಂದು ಅವನ ಕಡೆಯವರ ವಾದವಂತೆ. ಬ್ಯಾಗಂತೂ ಸಿಗಲೇ ಇಲ್ಲ. ‘ಅವನು ಬಂದ ಮಂಗಳವಾರದ ತಾರೀಖು ಖಚಿತವಾಗಿ ಹೇಳಬೇಕು. ತಡವರಿಸಿದರೆ ಕೆಟ್ಟಿತು,’ ಎಂದು ಸರಕಾರಿ ವಕೀಲರು ಹೇಳಿದ್ದರಿಂದ ಆ ವರ್ಷದ ಕ್ಯಾಲೆಂಡರ್ ಹುಡುಕಿದೆ. ನನ್ನ ಹೆಂಡತಿ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅಡುಗೆಮನೆಯ ಕಪಾಟಿಗೆ ಹಾಸುತ್ತಾಳೆ. ಜೂನ್ ತಿಂಗಳು ಮಸಾಲೆ ಡಬ್ಬಿಗಳ ಕೆಳಗಿತ್ತು. ಅರಿಶಿನದ ಕಲೆ ಹತ್ತಿತ್ತು. ಕನ್ನಡಕ ಏರಿಸಿ ಮಂಗಳವಾರ ನೋಡಿದೆ. ಹೆಂಡತಿಯ ಅಕ್ಷರದಲ್ಲಿ ‘ಹಾಲು ಬಂದಿಲ್ಲ’ ಎಂದಿತ್ತು. ಅಭ್ಯಾಸಬಲದಿಂದ ಉಳಿದ ತಾರೀಖಿನ ಮನೆಗಳನ್ನೂ ನೋಡುತ್ತ ಹೋದೆ.

ಮುಂದಿನ ಭಾನುವಾರದ ಮನೆಯಲ್ಲಿ, ಅಮಾವಾಸ್ಯೆಯ ಕಪ್ಪು ಚುಕ್ಕೆಯ ಪಕ್ಕ, ಪೆನ್ಸಿಲಿನಲ್ಲಿ, ನನಗೆ ಪರಿಚಯವಿಲ್ಲದ ಗುಂಡು ಅಕ್ಷರಗಳಿದ್ದವು. ನಾನು ಕ್ಯಾಲೆಂಡರ್ ಇಳಿಸಿ ಕೈಗೆ ಕೊಟ್ಟು ಕಟಿಂಗಿಗೆ ಹೋದಾಗ ಬರೆದದ್ದಿರಬೇಕು.

‘ಚಿಂತಿ ಕಾಕಾ, ನನ್ನ ಬ್ಯಾಗ್ ನೆಪ್ಪಿರ್ಲಿ. ಮತ್ತೊಮ್ಮಿ ನೋಡ್ರಿ.’

ಹೆಂಡತಿಗೆ ತೋರಿಸಿದೆ. ಅವಳು ಓದಿ, ಡಬ್ಬಿಗಳನ್ನು ಒಂದೊಂದಾಗಿ ಒರೆಸಿ ಬರೀ ಹಲಗೆಯ ಮೇಲೆ ಜೋಡಿಸಿದಳು. ಬೇರೆ ಹಾಳೆ ಹಾಸಲಿಲ್ಲ.

ಸರಕಾರಿ ವಕೀಲರಿಗೆ ಮಾತ್ರ ಬಹಳ ಸಂತೋಷವಾಯಿತು. ಹಾಳೆಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಬೆಳಕಿಗೆ ಹಿಡಿದು, ‘ಇದಕ್ಕಿಂತ ಏನು ಬೇಕು ಸಾರ್! ಹೊರಡುವ ದಿನ, ಬ್ಯಾಗು, ಎರಡೂ ಆಕೆಯ ಕೈಬರಹದಲ್ಲೇ ಇದೆ,’ ಎಂದರು. ಸಾಲನ್ನು ನನ್ನಿಂದ ಅನುವಾದ ಮಾಡಿಸಿ ಬರೆದುಕೊಂಡರು. ಆಮೇಲೆ ನನಗೆ ತಾಲೀಮು ಕೊಟ್ಟರು.

‘ನಾನು ಈ ಹಾಳೆ ತೋರಿಸಿ, ಇದರಲ್ಲಿ ಬರೆದಿರುವ ಕಾಕಾ ಯಾರು ಎಂದು ಕೇಳುತ್ತೇನೆ. ಬಿಸ್ಕೀಟು ಗಿಸ್ಕೀಟು ಬೇಡ. ಅಷ್ಟಕ್ಕೇ ಉತ್ತರ. ಎಲ್ಲಿ, ಹೇಳಿ. ಕಾಕಾ ಯಾರು?’

‘ನಾನೇ ಸಾರ್,’ ಎಂದೆ.

‘ಜೋರಾಗಿ,’ ಎಂದರು. ‘ಜಡ್ಜ್ ಸಾಹೇಬರಿಗೆ ಕೇಳಿಸಬೇಕು.’